ನಮ್ಮ ಕಲಬುರಗಿಗೆ ಹೆಸರಿಡುವವರಿಗೆ

ನಮ್ಮ ಕಡೆಯ ಆಡುಮಾತಿನಲ್ಲಿ ‘ಹೆಸರಿಡುವುದು’ ಎಂಬುದಕ್ಕೆ ಎರಡು ಅರ್ಥಗಳುಂಟು. ತೊಟ್ಟಿಲಿಗೆ ಹಾಕಿದ ಕೂಸಿಗೆ ಹೆಸರಿಡುವುದು ಒಂದು. ಇನ್ನೊಬ್ಬರಲ್ಲಿ ಕೊರತೆಯನ್ನು ಹುಡುಕಿ ಆಡಿಕೊಳ್ಳುವುದು ಮತ್ತೊಂದು. 2014ರ ನವೆಂಬರ್ 1ರಂದು ಸರಕಾರವು ‘ಗುಲ್ಬರ್ಗಾ’ ಎಂಬುದನ್ನು ಬಿಟ್ಟು, ಜನರ ನಾಲಗೆಯ ಮೇಲಿದ್ದ ‘ಕಲಬುರಗಿ’ ಎಂಬ ಹೆಸರನ್ನೇ ನಮ್ಮ ಊರಿಗೆ ಅಧಿಕೃತವಾಗಿ ಇಟ್ಟಿತು. ಮೊದಲನೆಯ ಅರ್ಥದ ಹೆಸರಿಡುವ ಕಾರ್ಯ ಅಂದಿಗೆ ಮುಗಿಯಿತು. ಎರಡನೆಯ ಅರ್ಥದ ಕಾರ್ಯವು ಮಾತ್ರ ಇಂದಿಗೂ ಮುಗಿದಿಲ್ಲ. ಬಿಸಿಲೂರು, ಧೂಳಿನೂರು, ಹಿಂದುಳಿದ ಊರು, ಎತ್ತಂಗಡಿಯ ಊರು: ಹೀಗೆ ನಮ್ಮ ಊರಿಗೆ ಹೊರಗಿನವರು ಇಟ್ಟ ಹೆಸರುಗಳು ಒಂದೇ ಎರಡೇ?

ಈ ತಿಂಗಳ ಅಂಕಣಕ್ಕೆ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವು ಮನಸ್ಸನ್ನು ಕಲಕಿತು. ನಮ್ಮ ಭಾಗದ ಎಷ್ಟೋ ಕುಟುಂಬಗಳು ಇಂಥದೇ ಪ್ರಸಂಗವನ್ನು ಎದುರಿಸಿರಬಹುದೆಂದು ಭಾವಿಸಿ ಅದನ್ನೇ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನನ್ನ ತಂಗಿಯ ಮಗ ಮಕ್ಕಳ ವೈದ್ಯ. ಇದೇ ಊರಿನಲ್ಲಿ ಹುಟ್ಟಿ, ಇಲ್ಲಿಯೇ ವೈದ್ಯಕೀಯ ಓದಿ, ಉನ್ನತ ವ್ಯಾಸಂಗಕ್ಕೆಂದು ಮೂರು ವರ್ಷ ಹೊರಗಿದ್ದು ಮರಳಿ ಬಂದವನು. ಅವನಿಗೆ ತುಮಕೂರು ಕಡೆಯ ಒಂದು ಸಂಭಾವಿತ ಮನೆತನದಿಂದ ಸಂಬಂಧ ಕೂಡಿಬಂತು. ಕನ್ಯೆ ಓದಿದವಳು, ವಿನಯವಂತೆ. ಎರಡೂ ಮನೆಗಳ ಆಚಾರ ವಿಚಾರಗಳು ಒಂದೇ. ಫೋಟೋ ನೋಡಿ, ಫೋನಿನಲ್ಲಿ ಮಾತನಾಡಿ ಇಬ್ಬರೂ ಒಪ್ಪಿದ್ದರು. ಮನೆ ನೋಡುವ ಶಾಸ್ತ್ರಕ್ಕೆ ಅವರ ಹಿರಿಯರು ನಾಲ್ವರು ನಮ್ಮ ಊರಿಗೆ ಬಂದರು. ಬಂದದ್ದು ವೈಶಾಖ ಮಾಸದಲ್ಲಿ! ಹೊರಗೆ 43 ಡಿಗ್ರಿ ಬಿಸಿಲು. ನಮ್ಮ ಓಣಿಗೆ ಐದು ದಿನಗಳಿಂದ ನಳದ ನೀರು ಬಂದಿರಲಿಲ್ಲ. ಮನೆಯ ಮುಂದೆ ಟ್ಯಾಂಕರು ನಿಂತಿತ್ತು. ಬೀಗರಾಗಬೇಕಾದವರು ಅಂಗಳದಲ್ಲಿ ಕಾಲು ತೊಳೆದದ್ದು ಆ ಟ್ಯಾಂಕರಿನ ನೀರಿನಿಂದಲೇ. ಮುಚ್ಚಿಡುವುದೇನಿದೆ?

ಪಾನಕ ಕುಡಿದು ಸುಧಾರಿಸಿಕೊಂಡ ಮೇಲೆ ಕನ್ಯೆಯ ಸೋದರಮಾವನವರು ನನ್ನನ್ನು ಒಂದು ಬದಿಗೆ ಕರೆದರು. “ತಪ್ಪು ತಿಳ್ಕೋಬೇಡಿ ಯಜಮಾನರೇ. ಹುಡುಗ ಚಿನ್ನದಂಥವನು, ನಿಮ್ಮ ಮನೆತನದ ಬಗ್ಗೆಯೂ ಎರಡು ಮಾತಿಲ್ಲ. ಆದರೆ ಈ ಊರಿಗೆ ಹೆಣ್ಣು ಕೊಟ್ಟು ನಾವು ನೆಮ್ಮದಿಯಾಗಿರೋದು ಹೇಗೆ? ನಮ್ಮ ಕಡೆ ಅಧಿಕಾರಿಗಳಿಗೆ ಶಿಕ್ಷೆ ಕೊಡಬೇಕಾದರೆ ಇಲ್ಲಿಗೆ ಹಾಕ್ತಾರೆ. ಹುಡುಗ ಬೆಂಗಳೂರಿಗೆ ಬಂದು ಆಸ್ಪತ್ರೆ ಸೇರುವುದಾದರೆ ನಾಳೆಯೇ ಲಗ್ನಪತ್ರಿಕೆ ಬರೆಸೋಣ” ಎಂದರು.

ಅವರ ದನಿಯಲ್ಲಿ ಕುಹಕವಿರಲಿಲ್ಲ. ಹೆಣ್ಣು ಹೆತ್ತವರ ಆತಂಕವಿತ್ತು. ಆದುದರಿಂದ ನನಗೆ ಸಿಟ್ಟು ಬರಲಿಲ್ಲ. ನನ್ನ ಸೋದರಳಿಯನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಹೇಳಿದ್ದು ಇಷ್ಟೇ: “ಮಾಮಾ, ಅವರಿಗಿ ಊಟಕ್ಕ ಏಳಸ್ರಿ, ರೊಟ್ಟಿ ಆರಲತ್ತಾವ.” ಅವರು ಉಂಡರು, ಮೆಚ್ಚಿಕೊಂಡರು, ಕೈಮುಗಿದು ರಾತ್ರಿಯ ರೈಲಿಗೆ ಹೊರಟುಹೋದರು. ಬೆಂಗಳೂರಿಗೆ ಬರಲಾರೆನೆಂದು ಹುಡುಗ ಮರುದಿನ ತಿಳಿಸಿದ. ಸಂಬಂಧವು ಅಲ್ಲಿಗೆ ನಿಂತಿತು.

ನನ್ನನ್ನು ಚುಚ್ಚಿದ ಮಾತು ಅವರದಲ್ಲ. ಅಂದು ರಾತ್ರಿ ಪಾತ್ರೆ ತೆಗೆದಿಡುತ್ತ ನನ್ನ ತಂಗಿ ಕಣ್ಣೊರೆಸಿಕೊಂಡು ಹೇಳಿದಳು: “ಅಣ್ಣಾ, ಅವರು ಹೇಳಿದ್ದರಾಗ ಸುಳ್ಳೇನದ? ಈ ಊರಾಗ ಏನದ ಅಂತ ಇಂವ ಹಟ ಹಿಡಿದು ಕುಂತಾನ? ನೀನಾದ್ರ ಬುದ್ಧಿ ಹೇಳು.” ಹೊರಗಿನವರ ನಿಂದೆಯು ನಮ್ಮ ಅಡುಗೆಮನೆಯನ್ನು ಹೊಕ್ಕಿತ್ತು. ಅಂದಿನಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಈ ಊರಲ್ಲಿ ಏನಿದೆ?

ಶಿಕ್ಷೆಯ ಊರೆಂಬ ಅಪವಾದ

ಮೊದಲು ‘ಶಿಕ್ಷೆಯ ಊರು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಅಧಿಕಾರಿಯೊಬ್ಬನು ತಪ್ಪು ಮಾಡಿದಾಗ ಅವನನ್ನು ಕಲಬುರಗಿಗೋ ರಾಯಚೂರಿಗೋ ಬೀದರಿಗೋ ಎತ್ತಂಗಡಿ ಮಾಡಿದರೆಂಬುದನ್ನು ಕನ್ನಡದ ಎಷ್ಟೋ ಚಲನಚಿತ್ರಗಳಲ್ಲಿ, ಹಾಸ್ಯ ಪ್ರಸಂಗಗಳಲ್ಲಿ ನಾವೇ ನೋಡಿ ನಕ್ಕಿದ್ದೇವೆ. ಆ ನಗೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರು ವಿರಳ.

ಶಿಕ್ಷೆಯೆಂದು ಭಾವಿಸಿ ಬಂದ ನೌಕರನ ಮನಸ್ಸು ಇಲ್ಲಿ ನಿಲ್ಲುವುದಿಲ್ಲ. ಸಂಸಾರವನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಒಂದು ಸೂಟಕೇಸಿನೊಡನೆ ಬರುತ್ತಾನೆ. ಶುಕ್ರವಾರ ಸಂಜೆ ರೈಲು ಹತ್ತಿದರೆ ಮಂಗಳವಾರ ಮುಖ ತೋರಿಸುತ್ತಾನೆ. ಮರಳಿ ವರ್ಗ ಮಾಡಿಸಿಕೊಳ್ಳುವ ಪ್ರಯತ್ನದಲ್ಲಿಯೇ ಅವನ ಅವಧಿ ಕಳೆಯುತ್ತದೆ. ಅವನು ಹೋದ ಮೇಲೆ ಆ ಹುದ್ದೆಗೆ ಬರುವವರಿಲ್ಲದೆ ಕುರ್ಚಿ ಖಾಲಿ ಬೀಳುತ್ತದೆ. ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರಿಲ್ಲ, ಕಚೇರಿಯಲ್ಲಿ ಕಡತ ಚಲಿಸುವುದಿಲ್ಲ. ಕೊನೆಗೆ ಅಂಕಿ ಅಂಶಗಳನ್ನು ತೆಗೆದಾಗ ಜಿಲ್ಲೆ ಹಿಂದುಳಿದಿದೆ ಎಂಬುದು ಸಿದ್ಧವಾಗುತ್ತದೆ. ‘ನೋಡಿರಿ, ನಾವು ಹೇಳಿರಲಿಲ್ಲವೇ?’ ಎಂದು ಅದೇ ಜನರು ಹೇಳುತ್ತಾರೆ. ಬಾವಿಗೆ ಹಗ್ಗವನ್ನೇ ಇಳಿಸದವನು ನೀರಿಲ್ಲವೆಂದು ದೂರಿದಂತೆ ಇದು. ಒಂದು ಊರಿನ ನಿಂದೆ ಕೇವಲ ಮಾತಾಗಿ ಉಳಿಯುವುದಿಲ್ಲ. ಅದು ಆ ಊರಿನ ಮಕ್ಕಳ ಗುರುವನ್ನು, ರೋಗಿಗಳ ವೈದ್ಯನನ್ನು, ಕೊನೆಗೆ ವರನಿಗೆ ಕನ್ಯೆಯನ್ನೂ ತಪ್ಪಿಸುತ್ತದೆ.

ಬಿಸಿಲು ಯಾರ ತಪ್ಪು?

ಬಿಸಿಲಿದೆ, ನಿಜ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ನಡೆಯುವುದು ಕಷ್ಟ. ಅದಾಗ್ಯೂ ಬಿಸಿಲು ಯಾರ ಅಪರಾಧವೂ ಅಲ್ಲ. ಮಲೆನಾಡಿಗೆ ಮಳೆ ಹೇಗೋ ನಮ್ಮ ಎರೆಭೂಮಿಗೆ ಬಿಸಿಲು ಹಾಗೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ಕಪ್ಪು ಮಣ್ಣು ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಮಳೆ ನಿಂತ ಎಷ್ಟೋ ದಿನಗಳ ಮೇಲೆ ಆ ತೇವವನ್ನೇ ಕುಡಿದು, ಚಳಿಗಾಲದಲ್ಲಿ ಕಾಯಿ ಕಟ್ಟುತ್ತದೆ. ನಮ್ಮ ಜಿಲ್ಲೆಯನ್ನು ‘ತೊಗರಿಯ ಕಣಜ’ ಎಂದು ಕರೆಯುವುದು ಈ ಕಾರಣದಿಂದ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ನಮ್ಮ ಬಿಸಿಲನ್ನು ಹಳಿಯುವವರ ಮನೆಯ ಸಾರಿನಲ್ಲಿ ಕುದಿಯುವ ಬೇಳೆಯು ಎಷ್ಟೋ ಸಲ ಇದೇ ಬಿಸಿಲಿನಲ್ಲಿ ಮಾಗಿದ್ದು.

ಧೂಳಿನ ವಿಷಯವೂ ಹಾಗೆಯೇ. ಈ ಜಿಲ್ಲೆಯ ನೆಲದ ಕೆಳಗಿರುವುದು ಸುಣ್ಣದ ಕಲ್ಲು. ಶಹಾಬಾದಿನ ಹಾಸುಗಲ್ಲು ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳ ಮನೆಗಳಲ್ಲಿ ತಂಪಾಗಿ ಮಲಗಿದೆ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳ ಸಿಮೆಂಟು ದೂರದ ಊರುಗಳಲ್ಲಿ ಮಹಲುಗಳಾಗಿ ಎದ್ದು ನಿಂತಿದೆ. ಕಲ್ಲು ಹೊರಗೆ ಹೋಯಿತು, ಸಿಮೆಂಟು ಹೊರಗೆ ಹೋಯಿತು. ಧೂಳು ಮಾತ್ರ ನಮ್ಮ ಪಾಲಿಗೆ ಉಳಿಯಿತು. ಆ ಧೂಳನ್ನು ನೋಡಿ ಮೂಗು ಮುಚ್ಚಿಕೊಳ್ಳುವವರು ತಾವು ನಿಂತ ನೆಲ ಯಾವ ಊರಿನ ಕಲ್ಲಿನದೆಂದು ಒಮ್ಮೆ ಬಗ್ಗಿ ನೋಡಬೇಕು.

ತಡವಾಗಿ ಹೊರಟ ಬಂಡಿ

ಇನ್ನು ಹಿಂದುಳಿದ ಊರೆಂಬ ಮಾತು. ಇದರಲ್ಲಿ ಸತ್ಯಾಂಶವಿದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳ ಪೈಕಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ಕ್ಕೂ ಮಿಕ್ಕಿದ್ದರೆ ನಮ್ಮ ಜಿಲ್ಲೆಯದು ಶೇ. 65ರ ಆಸುಪಾಸು. ಈ ಅಂಕಿಗಳನ್ನು ಅಲ್ಲಗಳೆಯುವುದು ಊರಿನ ಮೇಲಿನ ಪ್ರೀತಿಯಲ್ಲ. ಆದರೆ ಅಂಕಿಯನ್ನು ಹೇಳುವವರು ಅದರ ಹಿಂದಿನ ಕಾರಣವನ್ನೂ ಹೇಳಬೇಕಾದುದು ನ್ಯಾಯ.

ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದಾಗ ನಾವು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದೆವು. ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿ ಕೂಡಿದ್ದು 1956ರಲ್ಲಿ. ನಿಜಾಮರ ಆಳ್ವಿಕೆಯಲ್ಲಿ ನಮ್ಮ ಹಿರಿಯರ ಪಾಲಿಗೆ ಮೇಲಿನ ವಿದ್ಯೆಯೂ ಸರಕಾರದ ವ್ಯವಹಾರವೂ ಉರ್ದುವಿನಲ್ಲಿ. ಮನೆಯ ಮಾತು ಕನ್ನಡ. ಮೈಸೂರಿನಲ್ಲಿ ವಿಶ್ವವಿದ್ಯಾಲಯವು 1916ರಲ್ಲಿಯೇ ಸ್ಥಾಪನೆಯಾಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯವು ಹುಟ್ಟಿದ್ದು 1980ರಲ್ಲಿ. ಮೈಸೂರಿನ ವೈದ್ಯಕೀಯ ಕಾಲೇಜು 1924ರದು. ನಮ್ಮಲ್ಲಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರದು. ಒಂದರಲ್ಲಿ ಅರವತ್ತನಾಲ್ಕು ವರ್ಷ, ಇನ್ನೊಂದರಲ್ಲಿ ಮೂವತ್ತೊಂಬತ್ತು ವರ್ಷ ಹಿಂದೆ ಬಿದ್ದ ಬಂಡಿ ನಮ್ಮದು. ತಡವಾಗಿ ಹೊರಟ ಬಂಡಿಯ ಎತ್ತುಗಳನ್ನು ಸೋಮಾರಿಗಳೆಂದು ಕರೆಯುವುದು ಯಾವ ನ್ಯಾಯ?

ಆ ಎತ್ತುಗಳು ಸುಮ್ಮನೆ ನಿಲ್ಲಲಿಲ್ಲ ಎಂಬುದಕ್ಕೆ ಊರಿನ ತುಂಬ ಸಾಕ್ಷಿಗಳಿವೆ. ನಿಜಾಮರ ಕಾಲದಲ್ಲಿಯೇ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಅಕ್ಕಮಹಾದೇವಿಯವರ ಹೆಸರಿನಲ್ಲಿ ಶಾಲೆಯನ್ನು ತೆರೆದರು. ಹೆಣ್ಣು ಕೂಸು ಹೊಸ್ತಿಲು ದಾಟಬಾರದೆನ್ನುತ್ತಿದ್ದ ಆ ದಿನಗಳಲ್ಲಿ ಅದು ಸಣ್ಣ ಕಾರ್ಯವಲ್ಲ. ಏಕೀಕರಣವಾದ ಎರಡೇ ವರ್ಷಗಳಲ್ಲಿ, ಅಂದರೆ 1958ರಲ್ಲಿ, ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ರೂಪುಗೊಂಡಿತು. ದೊಡ್ಡಪ್ಪ ಅಪ್ಪನವರ ಹೆಸರಿನ ತಾಂತ್ರಿಕ ಕಾಲೇಜು ಅದೇ ವರ್ಷ ಆರಂಭವಾಯಿತು. ಸರಕಾರ ಮಾಡಲಿ ಎಂದು ಕಾದು ಕೂಡದೆ ಊರವರೇ ಕೈಹಾಕಿ ಕಟ್ಟಿದ ಸಂಸ್ಥೆಗಳಿವು. ಮುಂದೆ ದೀರ್ಘಕಾಲದ ಹೋರಾಟದ ಫಲವಾಗಿ 2012ರ ಸಂವಿಧಾನ ತಿದ್ದುಪಡಿಯ ಮೂಲಕ 371(ಜೆ) ವಿಧಿಯೂ ಬಂದಿತು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ನಮ್ಮ ಮಕ್ಕಳಿಗೆ ಮೀಸಲು ಸ್ಥಾನ ದೊರೆಯಿತು. ಕೆಲವರು ಇದನ್ನು ಭಿಕ್ಷೆಯೆಂದು ಆಡಿಕೊಳ್ಳುವುದುಂಟು. ತಡವಾಗಿ ಹೊರಟವನಿಗೆ ದಾರಿ ಬಿಟ್ಟುಕೊಡುವುದು ಭಿಕ್ಷೆಯಲ್ಲ. ಅದು ಪಂಕ್ತಿಯಲ್ಲಿ ಕೊನೆಗೆ ಕುಳಿತವನ ಎಲೆಗೂ ಅನ್ನ ಬರುವಂತೆ ನೋಡಿಕೊಳ್ಳುವ ಧರ್ಮ.

‘ಏನದ?’ ಎಂಬ ಪ್ರಶ್ನೆಗೆ

ಈಗ ನನ್ನ ತಂಗಿಯ ಪ್ರಶ್ನೆಗೆ ಬರೋಣ. ಈ ಊರಿನಲ್ಲಿ, ಈ ಊರಿನ ಸುತ್ತಲಲ್ಲಿ ಏನಿದೆ?

ನಮಗೆ ದೊರೆತಿರುವ ಕನ್ನಡದ ಮೊಟ್ಟಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ರೂಪು ತಳೆದದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟವೆಂದರೆ ಸೇಡಂ ತಾಲ್ಲೂಕಿನ ನಮ್ಮ ಮಳಖೇಡ. ಕಾಗಿಣಾ ನದಿಯ ದಂಡೆಯಲ್ಲಿ ಅದರ ಕೋಟೆ ಇಂದಿಗೂ ನಿಂತಿದೆ. ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಶತಮಾನಗಳ ಕಾಲ ಆಧಾರವಾಗಿದ್ದ ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರನು ಶಹಾಬಾದಿನ ಸಮೀಪದ ಮರತೂರಿನವನೆಂದು ವಿದ್ವಾಂಸರು ಹೇಳುತ್ತಾರೆ. ಭೀಮಾ ತೀರದ ಸನ್ನತಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ದೊರೆತಿವೆ. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪವೂ ದೊರೆತಿದೆ. ಊರ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ತೆರೆದ ಅಂಗಳವನ್ನೇ ಬಿಡದೆ ಪೂರ್ತಿಯಾಗಿ ಗುಮ್ಮಟಗಳ ಮಾಡು ಹೊದಿಸಿದ ಅಂಥ ಮಸೀದಿ ನಮ್ಮ ದೇಶದಲ್ಲಿ ಅಪರೂಪ. ಬಹಮನಿ ಸುಲ್ತಾನರು 1347ರಿಂದ ಆಳಿದ್ದು ಇಲ್ಲಿಂದಲೇ. ದೆಹಲಿಯಿಂದ ಬಂದ ಸೂಫಿ ಸಂತ ಖಾಜಾ ಬಂದೇ ನವಾಜರು 1422ರಲ್ಲಿ ಇದೇ ಮಣ್ಣಿನಲ್ಲಿ ವಿಶ್ರಾಂತರಾದರು. ಅವರ ಉರುಸಿಗೂ ನಮ್ಮವರು ಹೋಗುತ್ತಾರೆ, ಶರಣರ ಜಾತ್ರೆಗೂ ಅವರು ಬರುತ್ತಾರೆ. ಇದನ್ನು ಇಲ್ಲಿ ಯಾರೂ ದೊಡ್ಡ ವಿಷಯವೆಂದು ಭಾವಿಸುವುದಿಲ್ಲ.

ಇವೆಲ್ಲ ಹಳೆಯ ವೈಭವ, ಇಂದಿಗೆ ಏನು ಪ್ರಯೋಜನವೆಂದು ಕೇಳಬಹುದು. ಇಂದಿಗೂ ಬಾಳುತ್ತಿರುವುದು ಇನ್ನೊಂದಿದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಒಬ್ಬ ಒಕ್ಕಲುಮಗನು ಕಾಳು ತಿನ್ನಲು ಬಂದ ಹಕ್ಕಿಗಳನ್ನು ಹೊಲದಿಂದ ಓಡಿಸದೆ ಅವುಗಳಿಗೆ ನೀರಿಟ್ಟನೆಂಬುದು ಜನಜನಿತ ಕಥೆ. ಮುಂದೆ ಮಹಾದಾಸೋಹಿ ಶರಣಬಸವೇಶ್ವರರೆನಿಸಿ ಕಲಬುರಗಿಗೆ ಬಂದು ನೆಲೆಸಿ, 1822ರಲ್ಲಿ ಲಿಂಗೈಕ್ಯರಾಗುವವರೆಗೂ ಹಸಿದು ಬಂದವರ ಜಾತಿ ಕುಲ ಕೇಳದೆ ಉಣಬಡಿಸಿದವರು ಅವರು. ಬರಗಾಲ ಬಿದ್ದಾಗ ದಾಸೋಹ ನಡೆಸುವುದು ಬೆಳೆ ಬಂದಾಗ ನಡೆಸಿದಷ್ಟು ಸುಲಭವಲ್ಲ. ನೀರು ನೆರಳು ಹೇರಳವಾಗಿರುವ ನಾಡಿನಲ್ಲಲ್ಲ, ಬಿಸಿಲಿನ ಈ ಎರೆಭೂಮಿಯಲ್ಲಿಯೇ ದಾಸೋಹವು ಊರಿನ ನಡತೆಯಾಗಿ ಉಳಿಯಿತೆಂಬುದನ್ನು ಗಮನಿಸಬೇಕು. ಕೊರತೆಯನ್ನು ಕಂಡವರಿಗೇ ಹಂಚಿ ಉಣ್ಣುವ ಬೆಲೆ ತಿಳಿಯುವುದೇನೋ.

ಒರಟು ಮಾತಿನವರೇ?

ನಮ್ಮ ಮಾತು ಒರಟೆಂಬುದು ಮತ್ತೊಂದು ದೂರು. ಬೆಂಗಳೂರಿಗೆ ಓದಲು ಹೋದ ನಮ್ಮ ಮಕ್ಕಳು ತಮ್ಮ ಮಾತು ಕೇಳಿ ಸಹಪಾಠಿಗಳು ನಕ್ಕರೆಂದು ವಾರದೊಳಗೆ ನಾಲಗೆಯನ್ನು ತಿರುಗಿಸಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮ ಮಾತು ದೊಡ್ಡ ದನಿಯದು, ನೇರವಾದುದು. ಉರ್ದು, ಮರಾಠಿ, ತೆಲುಗುಗಳ ಶಬ್ದಗಳು ಅದರಲ್ಲಿ ಬೆರೆತಿವೆ. ಆದರೆ ಪ್ರತಿ ಮಾತಿನ ಕೊನೆಗೆ ‘ರಿ’ ಎಂದು ಗೌರವವನ್ನು ಅಂಟಿಸದೆ ನಮಗೆ ಬಾಯಿ ತೆರೆಯಲು ಬಾರದು. ಬನ್ರಿ, ಕೂಡ್ರಿ, ಉಣ್ರಿ, ಹೌದ್ರಿ, ಇಲ್ರಿ. ಸಿಟ್ಟಿನಲ್ಲಿ ಜಗಳಾಡುವಾಗಲೂ ‘ಏನ್ರಿ’ ಎಂದೇ ಆರಂಭಿಸುತ್ತೇವೆ! ದಾರಿ ಕೇಳಿದ ಅಪರಿಚಿತನಿಗೆ ಕೈತೋರಿಸಿ ಸುಮ್ಮನಾಗದೆ ತಿರುವಿನ ತನಕ ನಡೆದು ಬಂದು ತೋರಿಸಿ ಹೋಗುವವರ ಮಾತು ಕಿವಿಗೆ ಒರಟಾಗಿ ಕೇಳಿಸಿದರೆ ಕೇಳಿಸಲಿ.

2020ರ ಮಾರ್ಚ್ ತಿಂಗಳನ್ನು ನಾನು ಮರೆಯಲಾರೆ. ಕೊರೊನಾ ಮಹಾಮಾರಿಯಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ನಮ್ಮ ಊರಿನವರಿಗೆ. ರೋಗವು ಹುಟ್ಟಿದ್ದು ಬೇರೆ ದೇಶದಲ್ಲಿ, ಬಂದದ್ದು ಕಡಲಿನಾಚೆಯಿಂದ. ಆದರೆ ಎರಡು ದಿನಗಳಲ್ಲಿ ಕಲಬುರಗಿಯ ಹೆಸರು ಹೇಳಿದರೆ ಜನ ಹಿಂದೆ ಸರಿಯತೊಡಗಿದರು. ನಮ್ಮ ಓಣಿಯ ಹುಡುಗನೊಬ್ಬನು ಬೇರೆ ಊರಿನಲ್ಲಿ ಕೋಣೆ ಹಿಡಿದು ಓದುತ್ತಿದ್ದ. ಆರು ತಿಂಗಳಿಂದ ಅವನು ಊರಿಗೆ ಬಂದಿರಲಿಲ್ಲ. ಆದರೂ ಕೋಣೆ ಖಾಲಿ ಮಾಡೆಂದು ಮನೆಯ ಮಾಲೀಕರು ಹೇಳಿದರು. ಅವನ ದೇಹದಲ್ಲಿ ರೋಗವಿರಲಿಲ್ಲ. ವಿಳಾಸದಲ್ಲಿ ಮಾತ್ರ ಊರಿನ ಹೆಸರಿತ್ತು. ಮುಂದೆ ಅದೇ ರೋಗವು ನಾಡಿನ ಒಂದು ಊರನ್ನೂ ಬಿಡಲಿಲ್ಲ. ಆಗ ಯಾರು ಯಾರಿಗೆ ಹೆಸರಿಡಬೇಕಿತ್ತು?

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹವು ಅರ್ಧಸತ್ಯವಾದೀತು. ಹೊರಗಿನವರ ನಿಂದೆಯೆಲ್ಲ ಅನ್ಯಾಯದ್ದಲ್ಲ. ಭೀಮಾ ನದಿ, ಬೆಣ್ಣೆತೊರೆ ಜಲಾಶಯಗಳಿಂದ ನೀರು ತರುವ ಊರಿನಲ್ಲಿ ಓಣಿಗೆ ಐದು ದಿನ ನಳ ಬಾರದಿರುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಅಪ್ಪನ ಕೆರೆಯ ದಂಡೆಯಲ್ಲಿ ಕಸ ಚೆಲ್ಲುವವರು ತುಮಕೂರಿನವರಲ್ಲ. ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ಮರುದಿನ ಅದಕ್ಕೆ ನೀರು ಹಾಕದವರೂ ನಾವೇ. ನಮ್ಮ ಜಿಲ್ಲೆಯ ವೀರೇಂದ್ರ ಪಾಟೀಲರು ಎರಡು ಸಲ, ಧರ್ಮಸಿಂಗರು ಒಂದು ಸಲ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರಲ್ಲ, ಆಗ ನೀವು ಏನು ಕೇಳಿ ಪಡೆದಿರೆಂದು ಯಾರಾದರೂ ಪ್ರಶ್ನಿಸಿದರೆ ಉತ್ತರಿಸಲು ನಾವು ತುಸು ತಡವರಿಸಬೇಕಾಗುತ್ತದೆ.

ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ಕೆಲಸದ ನಿಮಿತ್ತ ಮೈಸೂರಿಗೆ ಹೋದಾಗ ಜೊತೆಗೆ ಊಟಕ್ಕೆ ಕುಳಿತವರೊಬ್ಬರು ನನ್ನ ಊರು ಯಾವುದೆಂದು ಕೇಳಿದರು. ‘ಸೋಲಾಪುರದ ಹತ್ತಿರ’ ಎಂದುಬಿಟ್ಟೆ! ಊರಿನ ಹೆಸರು ಹೇಳಿದರೆ ಬಿಸಿಲಿನ ಮಾತು, ಬರದ ಮಾತು, ನಗೆ ಎಲ್ಲವೂ ಬರುತ್ತವೆ ಎಂಬ ಸಂಕೋಚ. ಹೆತ್ತ ತಾಯಿಯನ್ನು ದೂರದ ನೆಂಟಳೆಂದು ಪರಿಚಯಿಸಿದಂತಾಯಿತೆಂದು ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಇಬ್ಬರು ಮಕ್ಕಳೂ ಇಂದು ಬೆಂಗಳೂರಿನಲ್ಲಿಯೇ ಇದ್ದಾರೆ. ಹೊಟ್ಟೆಪಾಡಿಗಾಗಿ ಹೋದವರನ್ನು ದೂರಲಾರೆ. ಆದರೆ ಊರು ಹಿಂದುಳಿಯಿತೆಂದು ಮರುಗುವ ನಾನೇ ಅವರಿಗೆ, ಅಲ್ಲಿಯೇ ಮನೆ ಮಾಡಿರೆಂದು ಹೇಳಿದ್ದೆನಲ್ಲ! ಹೊರಗಿನವರು ಬಾರದಿರುವುದು ಒಂದು ತೂಕವಾದರೆ ಒಳಗಿನವರು ಹೊರಟುಹೋಗುವುದು ಇನ್ನೊಂದು ತೂಕ. ಕನ್ಯೆಯ ಸೋದರಮಾವನವರ ಮಾತಿಗೆ ನನ್ನ ಬಾಯಿಂದ ಉತ್ತರ ಹೊರಡದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಒಂದು ಗಂಟು ತೊಗರಿ

ತೊಗರಿ ರಾಶಿಯ ಕಾಲ ಬಂದಿತು. ಒಂದು ಬೆಳಿಗ್ಗೆ ತಂಗಿಯ ಮನೆಯ ಜಗಲಿಯಲ್ಲಿ ನಾನು ಕುಳಿತಿದ್ದೆ. ಚಿತ್ತಾಪುರ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬಳು ಬಗಲಲ್ಲಿ ಕೂಸನ್ನೂ ಕೈಯಲ್ಲಿ ಹಳೆಯ ಸೀರೆಯ ತುಂಡಿನ ಗಂಟನ್ನೂ ಹಿಡಿದು ಬಂದು ನಿಂತಳು. ಹಿಂದಿನ ಮಳೆಗಾಲದಲ್ಲಿ ಆ ಕೂಸಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ನಡುರಾತ್ರಿ ತಂದು ತೋರಿಸಿದ್ದಳಂತೆ. ಗಂಟಿನಲ್ಲಿದ್ದದ್ದು ಎರಡು ಸೇರು ಹೊಸ ತೊಗರಿ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಒಳಗಿನಿಂದ ಬಂದ ನನ್ನ ತಂಗಿಯನ್ನು ನೋಡಿ ಅವಳು ಕೇಳಿದಳು: “ಅವ್ವಾ, ಡಾಕ್ಟರ್ ಸಾಬರು ಬೆಂಗಳೂರಿಗಿ ಹೊಂಟಾರಂತಲ್ಲ, ಖರೇನಾ? ಹೋಗಬ್ಯಾಡ ಅಂತ ಹೇಳ್ರಿ. ರಾತ್ರಿ ನಾವು ಯಾರ ಬಾಗಿಲಾ ಬಡಿಬೇಕು?”

ತಂಗಿ ತುಸು ಹೊತ್ತು ಮಾತನಾಡಲಿಲ್ಲ. ಅನಂತರ ಗಂಟನ್ನು ಎರಡೂ ಕೈಗಳಿಂದ ಇಸಿದುಕೊಂಡು “ಎಲ್ಲಿಗೂ ಹೋಗಲ್ಲ ತಗೊ, ಒಳಗ ಬಾ, ಚಹಾ ಕುಡದು ಹೋಗು” ಎಂದಳು. ಅವಳು ಅಂದು ಕೇಳಿದ್ದ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತಲೇ ಇದ್ದೆ. ಅವಳಿಗೆ ಅದು ಜಗಲಿಯ ಮೇಲೆಯೇ ದೊರೆತಿತ್ತು. ಊರೆಂದರೆ ಅಲ್ಲಿ ಏನಿದೆ ಎಂಬುದಷ್ಟೇ ಅಲ್ಲ. ಅಲ್ಲಿ ನಮ್ಮ ಅಗತ್ಯ ಯಾರಿಗಿದೆ ಎಂಬುದೂ ಹೌದು.

ಹುಡುಗನಿಗೆ ಇನ್ನೂ ಸಂಬಂಧ ಕೂಡಿಬಂದಿಲ್ಲ. ಕೂಡಿಬಂದೀತು. ಈ ಪತ್ರಿಕೆಯು ನಾಡಿನ ನಾಲ್ಕೂ ದಿಕ್ಕಿನ ಮನೆಗಳಿಗೆ ಹೋಗುತ್ತದೆಂಬ ಧೈರ್ಯದಿಂದ ಒಂದು ವಿನಂತಿಯನ್ನು ಮಾಡುತ್ತೇನೆ. ದಕ್ಷಿಣದ ಜಿಲ್ಲೆಗಳ ಬಂಧುಗಳೇ, ನಮ್ಮ ಊರಿಗೆ ಹೆಸರಿಡುವ ಮೊದಲು ಒಮ್ಮೆ ಬನ್ನಿರಿ. ಹೋಳಿ ಹುಣ್ಣಿಮೆಯಾದ ಮೇಲೆ ಶರಣಬಸವೇಶ್ವರರ ಜಾತ್ರೆ. ಲಕ್ಷಾಂತರ ಜನರ ನಡುವೆ ತೇರು ಸಾಗುವಾಗ ಖಾರೀಕು, ಬಾಳೆಹಣ್ಣು ಎಸೆಯುವ ಆ ಜನಸಾಗರದಲ್ಲಿ ಒಂದು ಗಳಿಗೆ ನಿಲ್ಲಿರಿ. ಬಿಸಿಲು ಇರುತ್ತದೆ, ಇಲ್ಲವೆಂದು ಸುಳ್ಳು ಹೇಳಲಾರೆ. ನಳದಲ್ಲಿ ನೀರು ಬಂದೇ ಬರುತ್ತದೆಂದೂ ಭರವಸೆ ಕೊಡಲಾರೆ. ಆದರೆ ಬಿಸಿ ರೊಟ್ಟಿ, ಪುಂಡಿಪಲ್ಯ, ಹಿಂಡಿ, ಮೊಸರಿಗೆ ಕೊರತೆಯಿಲ್ಲ. ನಮ್ಮ ಊರಿಗೆ ಬಂದವರು ಉಣ್ಣದೆ ಹೋದರೆಂಬ ಅಪವಾದವನ್ನು ಮಾತ್ರ ನಾವು ಇಂದಿನವರೆಗೆ ಹೊತ್ತಿಲ್ಲ.

ನಮ್ಮ ಊರಿನ ಬಂಧುಗಳಿಗೂ ಒಂದು ಮಾತು. ಯಾರಾದರೂ ಊರು ಯಾವುದೆಂದು ಕೇಳಿದರೆ ಸೋಲಾಪುರದ ಹತ್ತಿರವೆನ್ನಬೇಡಿರಿ. ‘ಕಲಬುರಗಿ’ ಎಂದೇ ಹೇಳಿರಿ. ಹೇಳಿದ ಮೇಲೆ ನಿಮ್ಮ ಮನೆಯ ಮುಂದಿನ ಬೇವಿನ ಸಸಿಗೆ ಒಂದು ಕೊಡ ನೀರನ್ನು ತಪ್ಪದೆ ಹಾಕಿರಿ. ನಿಂದೆಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ.